639 ಕೋಡ್ ಬಂದರೆ ಮೊದಲು ಮಲ್ಟಿಮೀಟರ್ ತೆಗೆಯಿರಿ

ಎಕ್ಸ್‌ಕವೇಟರ್ ಸಲೀಸಾಗಿ ಸ್ಟಾರ್ಟ್ ಆಗುತ್ತದೆ. ಬಕೆಟ್ ತುಂಬಿ ಸ್ವಿಂಗ್ ಮಾಡುವ ಹೊತ್ತಿಗೆ ಮಾನಿಟರ್‌ನಲ್ಲಿ ಕೆಂಪು ದೀಪ ಹತ್ತಿ ಇಂಜಿನ್ ಐಡ್ಲಿಂಗ್‌ಗೆ ಇಳಿಯುತ್ತದೆ. ಥ್ರಾಟಲ್ ಡಯಲ್ ತಿರುಗಿಸಿದರೂ ಏಳುವುದಿಲ್ಲ. ಕೀ ಆಫ್ ಮಾಡಿ ಆನ್ ಮಾಡಿದರೆ ಹತ್ತು ನಿಮಿಷ ಸರಿ, ಮತ್ತೆ ಅದೇ ಕಥೆ. ಕೋಡ್ ನೋಡಿದರೆ ಎಸ್‌ಪಿಎನ್ (ದೋಷ ಯಾವುದರಲ್ಲಿ ಅನ್ನುವ ಸಂಖ್ಯೆ) 639, ಎಫ್‌ಎಂಐ (ದೋಷ ಎಂಥದ್ದು ಅನ್ನುವ ಸಂಖ್ಯೆ) 9. ಇಷ್ಟಕ್ಕೇ ‘ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ಹೋಗಿದೆ’ ಅಂದುಬಿಡುವವರು ಬಹಳ. ಲಕ್ಷಗಟ್ಟಲೆ ಕೊಟ್ಟು ಹೊಸ ಇಸಿಎಂ ಹಾಕಿಸಿದ ಮೇಲೂ ಅದೇ ಕೋಡ್ ಬಂದಾಗ ಮಾಲೀಕನ ಹೊಟ್ಟೆ ಉರಿಯದೆ ಇರುತ್ತದೆಯೇ?

639 ಅಂದರೆ ಜೆ1939 ನೆಟ್‌ವರ್ಕ್‌ನ, ಅಂದರೆ ಮೆಷಿನ್‌ನ ಕಂಪ್ಯೂಟರ್‌ಗಳು ಪರಸ್ಪರ ಮಾತಾಡುವ ಲೈನ್‌ನ ತೊಂದರೆ. ಎಫ್‌ಎಂಐ 9 ಅಂದರೆ ಬರಬೇಕಾದ ಸಂದೇಶ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಎಫ್‌ಎಂಐ 19 ಅಂದರೆ ಬಂದ ಮಾಹಿತಿಯಲ್ಲೇ ದೋಷವಿದೆ. ಕೋಡ್ ದಾಖಲಿಸಿದ ಮಾಡ್ಯೂಲ್ (ಆ ಲೈನ್‌ಗೆ ಸೇರಿದ ಒಂದು ಕಂಪ್ಯೂಟರ್) ದೂರು ಕೊಟ್ಟಿದೆ, ಅಷ್ಟೆ. ತಪ್ಪು ಅದರದ್ದೇ ಆಗಬೇಕಿಲ್ಲ. ಹಾಗಾಗಿ ಇಂಜಿನ್ ಇಸಿಎಂ, ಪಂಪ್ ಕಂಟ್ರೋಲರ್, ಮಾನಿಟರ್, ಎಲ್ಲದರ ಕೋಡನ್ನೂ ಓದಿ, ಯಾರು ಯಾರ ಮೇಲೆ ದೂರುತ್ತಿದ್ದಾರೆ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಎಲ್ಲರೂ ಒಬ್ಬನನ್ನೇ ದೂರಿದರೆ ಆ ಮಾಡ್ಯೂಲ್‌ನ ಕರೆಂಟ್, ಅರ್ಥಿಂಗ್, ಅದರ ಕವಲು ವೈರ್ (ಮುಖ್ಯ ಲೈನ್‌ನಿಂದ ಅದಕ್ಕೆ ಹೋಗುವ ವೈರ್) ನೋಡಿ. ಒಬ್ಬನೇ ಎಲ್ಲರನ್ನೂ ದೂರಿದರೆ ಅವನ ಕವಲೇ ಸಡಿಲ. ಎಲ್ಲರೂ ಎಲ್ಲರನ್ನೂ ದೂರಿದರೆ ಮುಖ್ಯ ಲೈನ್‌ನಲ್ಲೇ ಪೆಟ್ಟು.

ವೈರ್ ಹುಡುಕುವ ಮೊದಲು ಸಪ್ಲೈ ನೋಡಿ. ಕನೆಕ್ಟರ್ ಬಿಚ್ಚಿ ಮೀಟರ್ ಇಟ್ಟರೆ 24 ವೋಲ್ಟ್ ತೋರಿಸುತ್ತದೆ, ‘ಕರೆಂಟ್ ಇದೆ’ ಅಂದುಕೊಳ್ಳುತ್ತೇವೆ. ಒಳಗೆ ಒಂದೇ ಒಂದು ಎಳೆ ಉಳಿದ ವೈರ್ ಕೂಡ ಮೀಟರ್‌ಗೆ ಪೂರ್ತಿ 24 ತೋರಿಸುತ್ತದೆ, ಯಾಕೆಂದರೆ ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಅದರ ಬದಲು ಲಾರಿಯ 24 ವೋಲ್ಟ್, 21 ವ್ಯಾಟ್ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಕಟ್ಟಿ ಮಾಡ್ಯೂಲ್‌ನ ಪಾಸಿಟಿವ್, ನೆಗೆಟಿವ್ ಪಿನ್‌ಗಳ ನಡುವೆ ಹಿಡಿಯಿರಿ. ಬಲ್ಬ್ ಸುಮಾರು 0.9 ಆಂಪಿಯರ್ ಎಳೆಯುತ್ತದೆ. ಚೆನ್ನಾಗಿ ಉರಿದರೆ ಲೈನ್ ಗಟ್ಟಿ. ಮಂಕಾಗಿ ಕೆಂಪಗೆ ಮಿಣುಕಿದರೆ ಫ್ಯೂಸ್ ಹೋಲ್ಡರ್, ರಿಲೇ, ಅರ್ಥಿಂಗ್ ಬೋಲ್ಟ್, ಯಾವುದೋ ಒಂದು ಕಡೆ ತುಕ್ಕು ಹಿಡಿದಿದೆ ಅಂತ ತಿಳಿಯಿರಿ. ಅರ್ಥಿಂಗ್ ಬೋಲ್ಟಿನ ಕೆಳಗೆ ಪೇಂಟ್ ಉಳಿದಿದ್ದರೂ ಹೀಗೇ ಆಗುತ್ತದೆ.

ಈಗ ಕ್ಯಾನ್ ಲೈನ್, ಅಂದರೆ ಮಾಡ್ಯೂಲ್‌ಗಳು ಮಾತಾಡುವ ಆ ಜೋಡಿ ವೈರ್. ಸಾಮಾನ್ಯವಾಗಿ ಹಳದಿ ವೈರ್ ಹೈ, ಹಸಿರು ವೈರ್ ಲೋ, ಎರಡೂ ಹೆಣೆದುಕೊಂಡಿರುತ್ತವೆ. ಲೈನಿನ ಎರಡು ತುದಿಯಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್. ಒಂಬತ್ತು ಪಿನ್ನಿನ ಡಯಾಗ್ನೋಸ್ಟಿಕ್ ಕನೆಕ್ಟರ್‌ನಲ್ಲಿ (ಕೋಡ್ ಓದುವ ಸಾಧನ ಸಿಕ್ಕಿಸುವ ಜಾಗ) ಎ ನೆಗೆಟಿವ್, ಬಿ ಪಾಸಿಟಿವ್, ಸಿ ಹೈ, ಡಿ ಲೋ. ಕಪ್ಪು ಕನೆಕ್ಟರ್ ಸೆಕೆಂಡಿಗೆ 250 ಕಿಲೋಬಿಟ್‌ನದ್ದು, ಹಸಿರು 500ರದ್ದು.

ಬ್ಯಾಟರಿ ಮಾಸ್ಟರ್ ಸ್ವಿಚ್ ಆಫ್ ಮಾಡಿ, ಐದು ನಿಮಿಷ ಬಿಟ್ಟು ಸಿ ಮತ್ತು ಡಿ ನಡುವೆ ಓಮ್ ನೋಡಿ. ಕರೆಂಟ್ ಇರುವಾಗ ಅಳೆದರೆ ಮೀಟರ್ ಸುಳ್ಳು ಹೇಳುತ್ತದೆ. 60 ಬಂದರೆ ಸರಿ. 120 ಬಂದರೆ ಒಂದು ರೆಸಿಸ್ಟರ್ ಕಾಣೆ, ಇಲ್ಲವೇ ಲೈನ್ ನಡುವೆ ತುಂಡಾಗಿದೆ. 40 ಬಂದರೆ ಮೂರನೆಯದೊಂದು ರೆಸಿಸ್ಟರ್ ಸೇರಿಕೊಂಡಿದೆ. ಒಂದೆರಡು ಓಮ್ ಮಾತ್ರ ಬಂದರೆ ಎರಡು ವೈರ್ ಒಂದಕ್ಕೊಂದು ತಾಗಿವೆ. ಒಂದು ಎಚ್ಚರಿಕೆ: ಕೆಲವು ಮೆಷಿನ್‌ಗಳಲ್ಲಿ ರೆಸಿಸ್ಟರ್ ಇಸಿಎಂ ಒಳಗೇ ಇರುತ್ತದೆ. ಅಂಥ ಕಡೆ ಇಸಿಎಂ ಕನೆಕ್ಟರ್ ಬಿಚ್ಚಿದ ಮೇಲೆ 120 ಬರುವುದು ಸಹಜ, ಅದನ್ನು ದೋಷ ಅಂದುಕೊಂಡು ಹಾರ್ನೆಸ್ (ವೈರ್‌ಗಳ ಕಟ್ಟು) ಬಿಚ್ಚಬೇಡಿ.

60 ಸರಿಯಾಗಿ ಬಂದರೂ ಕೆಲಸ ಮುಗಿಯಲಿಲ್ಲ. ಕೀ ಆನ್ ಮಾಡಿ ಅರ್ಥಿಂಗ್‌ಗೆ ವೋಲ್ಟೇಜ್ ನೋಡಿ. ಹೈ ಸುಮಾರು 2.6–2.8, ಲೋ 2.2–2.4, ಎರಡೂ ಕೂಡಿದರೆ 5ರ ಆಸುಪಾಸು ಇರಬೇಕು. ಎರಡೂ ಸರಿಯಾಗಿ 2.5 ಇದ್ದರೆ ಲೈನ್‌ನಲ್ಲಿ ಮಾತುಕತೆಯೇ ಇಲ್ಲ. ಲೋ ಸೊನ್ನೆಗೆ ಬಿದ್ದಿದ್ದರೆ ಅದು ಚಾಸಿಗೆ ತಾಗಿದೆ. ಹೀಗೆ ವೋಲ್ಟೇಜ್ ಕೆಟ್ಟಿದ್ದಾಗ ಮೀಟರ್ ಹಾಗೇ ಬಿಟ್ಟು ಮಾಡ್ಯೂಲ್‌ಗಳನ್ನು ಒಂದೊಂದಾಗಿ ಬಿಚ್ಚಿ. ಪ್ರತಿ ಸಲ ಬಿಚ್ಚುವ, ಹಾಕುವ ಮುಂಚೆ ಕೀ ಆಫ್. ಯಾವುದನ್ನು ಬಿಚ್ಚಿದಾಗ ವೋಲ್ಟೇಜ್ ಸರಿಹೋಗುತ್ತದೋ ಅದನ್ನೇ ಮತ್ತೆ ಹಾಕಿ, ಮತ್ತೆ ಕೆಡುತ್ತದೆಯೇ ಅಂತ ಖಾತ್ರಿ ಮಾಡಿಕೊಳ್ಳಿ. ಇಸಿಎಂ ಮೇಲೆ ಅನುಮಾನ ಪಡುವ ಹಕ್ಕು ನಮಗೆ ಬರುವುದು ಈ ಹಂತದಲ್ಲಿ, ಅದಕ್ಕಿಂತ ಮೊದಲಲ್ಲ.

ಬಾಡಿಗೆಗೆ ಓಡುವ ಮೆಷಿನ್ ಆಗಿದ್ದರೆ ಸೀಟಿನ ಹಿಂದೆ, ಫ್ಯೂಸ್ ಬಾಕ್ಸ್ ಪಕ್ಕ ಮೊದಲು ಕೈ ಹಾಕಿ. ಜಿಪಿಎಸ್ ಟ್ರ್ಯಾಕರ್ ಹಾಕಿದವರು ಹಳದಿ-ಹಸಿರು ವೈರನ್ನು ಕೊಯ್ದು, ತಿರುಚಿ, ಟೇಪ್ ಸುತ್ತಿ ಹೋಗಿರುತ್ತಾರೆ. ಕವಲು ವೈರ್ ಒಂದು ಮೀಟರ್ ದಾಟಬಾರದು ಅನ್ನುವ ಲೆಕ್ಕ ಅಲ್ಲಿ ಯಾರಿಗೂ ಇರುವುದಿಲ್ಲ. ಟ್ರ್ಯಾಕರ್ ಬಿಚ್ಚಿಟ್ಟು ಒಂದು ಪಾಳಿ ಓಡಿಸಿ ನೋಡಿ.

ಆಗಾಗ ಬಂದು ಹೋಗುವ ದೋಷಕ್ಕೆ ಕೈಯೇ ಸಾಧನ. ಇಂಜಿನ್ ಓಡುತ್ತಿರಲಿ, ಮೀಟರ್ ಮಿನ್-ಮ್ಯಾಕ್ಸ್‌ನಲ್ಲಿ (ಅತಿ ಕಡಿಮೆ, ಅತಿ ಹೆಚ್ಚು ರೀಡಿಂಗ್ ಹಿಡಿದಿಡುವ ಸೆಟ್ಟಿಂಗ್) ಇರಲಿ. ಫ್ಯಾನ್, ಬೆಲ್ಟ್‌ನಿಂದ ಕೈ ದೂರವಿಟ್ಟುಕೊಂಡು ಹಾರ್ನೆಸ್ ಅನ್ನು ಗೇಣು ಗೇಣಾಗಿ ಅಲುಗಾಡಿಸುತ್ತಾ ಹೋಗಿ. ಕ್ಯಾಬಿನ್ ತಳದ ತೂತು, ಕ್ಲ್ಯಾಂಪ್‌ನ ಅಂಚು, ಹೈಡ್ರಾಲಿಕ್ ಹೋಸ್ ಪಕ್ಕ ಹಾದುಹೋಗುವ ಜಾಗ, ಇವು ಸವೆಯುವ ತಾಣಗಳು. ಪ್ರೆಶರ್ ಏರಿದಾಗಲೆಲ್ಲ ಹೋಸ್ ಜಗ್ಗುತ್ತದೆ, ಪಕ್ಕದ ವೈರನ್ನು ಉಜ್ಜುತ್ತದೆ. ಸ್ವಿಂಗ್ ಮಾಡುವಾಗ ಮಾತ್ರ ಕೋಡ್ ಬರುವುದಕ್ಕೆ ಇದೂ ಒಂದು ಕಾರಣ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲ ಕಳೆದ ಮೇಲೆ ಕನೆಕ್ಟರ್ ಬಿಚ್ಚಿದರೆ ಪಿನ್ ಬುಡದಲ್ಲಿ ಹಸಿರು ಕಿಲುಬು ಕಾಣುತ್ತದೆ. ಬಳಸದ ತೂತಿಗೆ ಹಾಕಬೇಕಾದ ಪ್ಲಗ್ ಬಿದ್ದುಹೋಗಿದ್ದರೆ ನೀರು ಹೋಗುವ ದಾರಿ ಅದೇ. ನಿಂತ ಮೆಷಿನ್‌ಗೆ ಇಲಿ ಕಾಟ ಬೇರೆ.

ಹೆಣ್ಣು ಪಿನ್ ಸಡಿಲವಾಗಿದೆಯೇ ಅಂತ ತಿಳಿಯಲು ಅದೇ ಅಳತೆಯ ಹೊಸ ಗಂಡು ಪಿನ್ ತೂರಿಸಿ ಎಳೆಯಿರಿ. ಬಿಗಿ ಹಿಡಿತ ಬೆರಳಿಗೇ ಗೊತ್ತಾಗುತ್ತದೆ. ಮೀಟರ್‌ನ ದಪ್ಪ ಮೊನೆಯನ್ನು ಪಿನ್ ಒಳಗೆ ಚುಚ್ಚಬೇಡಿ. ಅದರಿಂದ ಬಾಯಿ ಅಗಲವಾಗಿ ನಾಳೆಯ ದೋಷಕ್ಕೆ ನೀವೇ ಕಾರಣರಾಗುತ್ತೀರಿ. ವೈರಿನ ಹೊದಿಕೆಗೆ ಸೂಜಿ ಚುಚ್ಚುವುದೂ ಬೇಡ.

ಜೋಡಿಸುವಾಗ ಹೆಣಿಗೆ ಬಿಚ್ಚುವುದು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಎರಡು ಜೋಡಣೆ ಒಂದೇ ಜಾಗದಲ್ಲಿ ಬರದಂತೆ ಹಿಂದೆಮುಂದೆ ಮಾಡಿ, ಕ್ರಿಂಪ್ ಮಾಡಿ, ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಬಿಗಿಯುವ ಕೊಳವೆ) ಹಾಕಿ, ಮತ್ತೆ ಹೆಣೆಯಿರಿ. ಹೆಣಿಗೆಯಿದ್ದರೆ ಹೊರಗಿನ ಗದ್ದಲ ಎರಡೂ ವೈರಿಗೆ ಸಮನಾಗಿ ತಾಗಿ ಕಳೆದುಹೋಗುತ್ತದೆ. ಆಲ್ಟರ್ನೇಟರ್ ಕೇಬಲ್ ಜೊತೆ ಒಂದೇ ಕಟ್ಟಿನಲ್ಲಿ ಬಿಗಿಯಬೇಡಿ. ಬಕೆಟ್‌ಗೆ ವೆಲ್ಡಿಂಗ್ ಮಾಡುವಾಗ ಬ್ಯಾಟರಿ ನೆಗೆಟಿವ್ ಕಳಚಿ, ಇಸಿಎಂ ಕನೆಕ್ಟರ್‌ಗಳನ್ನೂ ಬಿಚ್ಚಿ, ವೆಲ್ಡಿಂಗ್ ಅರ್ಥ್ ಕ್ಲ್ಯಾಂಪನ್ನು ಬೆಸುಗೆಯ ಹತ್ತಿರವೇ ಹಾಕಿ.

ರಿಪೇರಿ ಆದ ಮೇಲೆ ಕೋಡ್ ಅಳಿಸಿ, ಮೆಷಿನ್ ಬಿಸಿಯಾಗುವ ತನಕ ಫುಲ್ ಲೋಡ್‌ನಲ್ಲಿ ಅರ್ಧ ಗಂಟೆ ಕೆಲಸ ಮಾಡಿಸಿ, ಮತ್ತೆ ಎಲ್ಲ ಮಾಡ್ಯೂಲ್ ಓದಿ. ಸಿ-ಡಿ ಓಮ್, ಹೈ, ಲೋ ವೋಲ್ಟೇಜ್, ತಾರೀಖು, ಅವರ್ ಮೀಟರ್ ರೀಡಿಂಗ್ ಇಷ್ಟನ್ನೂ ಬರೆದು ಫ್ಯೂಸ್ ಬಾಕ್ಸ್ ಮುಚ್ಚಳದ ಒಳಗೆ ಅಂಟಿಸಿ.