ಕಕ್ಕಡದ ಮಳೆಯಲ್ಲಿ ವಿಟಮಿನ್ ಡಿ

ಮಡಿಕೇರಿಯಲ್ಲಿ ಕಕ್ಕಡ ತಿಂಗಳ ಮಳೆ ಬಿಡದೆ ಸುರಿಯುತ್ತಿದೆ. ಚಿಕ್ಕಪ್ಪನವರು ಐಸಿಯುಗೆ ಸೇರಿ ಇಂದಿಗೆ ಆರು ದಿನ. ರಕ್ತಪರೀಕ್ಷೆಯ ಚೀಟಿಯಲ್ಲಿ ವಿಟಮಿನ್ ಡಿ ಎದುರು 9, ಅಂದರೆ ತೀರಾ ಕಡಿಮೆ, ಎಂದು ಕಂಡಾಗ, ವಾರಗಟ್ಟಲೆ ಬಿಸಿಲು ಕಾಣದ ಊರು ನಮ್ಮದಲ್ಲವೇ, ಅದೊಂದನ್ನು ತುಂಬಿಕೊಟ್ಟರೆ ಅವರು ಎದ್ದು ಕೂರುತ್ತಾರೆಂಬ ಆಸೆ ನನ್ನಲ್ಲಿ ಹುಟ್ಟಿತು.

ಡಾಕ್ಟರು ತಾಳ್ಮೆಯಿಂದ ವಿವರಿಸಿದರು. 2014ರಲ್ಲಿ ಪ್ರಕಟವಾದ, 492 ರೋಗಿಗಳಿದ್ದ ಆಸ್ಟ್ರಿಯಾದ ಅಧ್ಯಯನದಲ್ಲಿ ದೊಡ್ಡ ಪ್ರಮಾಣದ ವಿಟಮಿನ್ ಡಿ ಕೊಟ್ಟರೂ ಆಸ್ಪತ್ರೆಯಲ್ಲಿರುವ ದಿನಗಳು ಕಡಿಮೆಯಾಗಲಿಲ್ಲ. ತೀವ್ರ ಕೊರತೆಯಿದ್ದವರಲ್ಲಿ ಮಾತ್ರ ಆಸ್ಪತ್ರೆಯಲ್ಲಿನ ಸಾವು ಕಡಿಮೆ ಕಂಡಿತ್ತು. ಆದರೆ ಅಮೆರಿಕದಲ್ಲಿ, ಕೊರತೆಯಿದ್ದ ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ 5,40,000 ಯೂನಿಟ್ ಒಂದೇ ಸಲ ಕೊಟ್ಟು ನೋಡಿದಾಗ, 90 ದಿನಗಳೊಳಗಿನ ಸಾವು ಔಷಧ ಪಡೆದವರಲ್ಲಿ ಶೇ. 23.5, ಪಡೆಯದವರಲ್ಲಿ ಶೇ. 20.6 ಇತ್ತೆಂದು 2019ರ ವರದಿ ಹೇಳಿತು. ಆ ವ್ಯತ್ಯಾಸವೂ ಆಕಸ್ಮಿಕವಾಗಿರಬಹುದಾದಷ್ಟೇ. ತೀವ್ರ ಕಾಯಿಲೆಯೇ ರಕ್ತದಲ್ಲಿನ ಈ ಅಂಕಿಯನ್ನು ಇಳಿಸುತ್ತದೆಂಬುದು ನನಗೆ ಹೊಸ ಸಂಗತಿ. ಕೊರತೆ ರೋಗದ ಕಾರಣವೆಂದೇ ನಾನು ತಿಳಿದಿದ್ದೆ, ಅದು ರೋಗದ ನೆರಳೂ ಆಗಿರಬಹುದಂತೆ.

ಮೂಳೆಗಳಿಗಾಗಿ ಸಾಮಾನ್ಯ ಪ್ರಮಾಣವನ್ನು ಕೊಡುವುದಾಗಿ ಅವರು ಹೇಳಿದ್ದಾರೆ. ಸಂಜೆ ನರ್ಸಮ್ಮ ಮೂಗಿನ ನಳಿಕೆಯಲ್ಲಿ ಗಂಜಿಯಂಥ ಆಹಾರವನ್ನು ನಿಧಾನವಾಗಿ ಬಿಡುತ್ತಿದ್ದಾಗ, ಚಿಕ್ಕಪ್ಪನವರು ನನ್ನ ಬೆರಳನ್ನು ಹಿಡಿದುಕೊಂಡರು.