ಬೆನ್ನಿನ ಕೂದಲು ಎಣಿಸುವ ಕೆಲಸ

ನೆಂಟರ ಮದುವೆಯಲ್ಲಿ ಯಾರಾದರೂ ನನ್ನ ಕೆಲಸದ ಬಗ್ಗೆ ಕೇಳಿದರೆ "ಕೃಷಿ ಲ್ಯಾಬಿನಲ್ಲಿದೀನಿ" ಅಂದು ಸುಮ್ಮನಾಗುತ್ತೇನೆ. ನುಸಿಯ ಬೆನ್ನ ಮೇಲಿರೋ ಕೂದಲು ಎಣಿಸ್ತೀನಿ ಅಂದರೆ ಊಟದ ಪಂಕ್ತಿ ಮುಗಿಯುವವರೆಗೂ ಅದೇ ತಮಾಷೆ ನಡೆಯುತ್ತದೆ. ಆದರೆ ನಿಜಕ್ಕೂ ನಾನು ಮಾಡುವುದು ಅದನ್ನೇ. ನುಸಿ ಅಂದರೆ ಇಲ್ಲಿ ಮೈಟ್, ಕಣ್ಣಿಗೆ ಕಂಡೂ ಕಾಣದ ಎಂಟು ಕಾಲಿನ ಪ್ರಾಣಿ. ಬೆಳೆಗಳ ಮೇಲೆ ಸಿಗುವ ನುಸಿಗಳಲ್ಲಿ ಬೇರೆ ನುಸಿಗಳನ್ನು ತಿಂದು ಬದುಕುವವೂ ಇವೆ. ಅಂಥ ಪರಭಕ್ಷಕ ನುಸಿಗಳನ್ನು ಸ್ಲೈಡ್ ಮಾಡಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಅದು ಯಾವ ಜಾತಿ ಅಂತ ಬರೆದುಕೊಡುವುದು ನನ್ನ ಸಂಬಳದ ಕೆಲಸ.

ದೊಡ್ಡಬಳ್ಳಾಪುರದ ಕಡೆಯಿಂದ ಪಾಲಿಹೌಸಿನಲ್ಲಿ ಗುಲಾಬಿ ಬೆಳೆಯುವವರು ಎಲೆ ತರುತ್ತಾರೆ. ಒಬ್ಬರಂತೂ ಪ್ರತಿ ಬೇಸಿಗೆ ಬಂದೇ ಬರುತ್ತಾರೆ. ಲೆನ್ಸ್ ಹಿಡಿದು ತಾವೇ ನೋಡಿಕೊಂಡಿರುತ್ತಾರೆ. "ಮೇಡಂ, ಇದರಲ್ಲಿ ಓಡಾಡೋದು ಒಂದಿದೆ, ಕೂತಲ್ಲೇ ಕೂತಿರೋದು ಒಂದಿದೆ. ಓಡಾಡೋದು ನಮ್ಮ ಕಡೇದು ಅಲ್ವಾ? ಔಷಧಿ ಹೊಡೀದೆ ಬಿಡ್ಲಾ?" ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಅದಕ್ಕೆ ಹೌದು ಅನ್ನಲು ನನಗೆ ಆ ನುಸಿಯ ಹೆಸರು ಬೇಕು. ಪರಭಕ್ಷಕ ಅಂದ ಮಾತ್ರಕ್ಕೆ ಅದು ಇವರ ಗುಲಾಬಿಯ ನುಸಿಯನ್ನೇ ತಿನ್ನುತ್ತದೆ ಅಂತೇನೂ ಇಲ್ಲ.

ಲೆನ್ಸಿನಲ್ಲಿ ಎಷ್ಟು ಗೊತ್ತಾಗುತ್ತದೋ ಅಷ್ಟನ್ನು ಮೊದಲು ಹೇಳಿಬಿಡುತ್ತೇನೆ. ಗುಲಾಬಿ, ಬದನೆ, ಬೆಂಡೆಗಳ ಮೇಲೆ ಬಲೆ ನೇಯುವ ಎರಡು ಚುಕ್ಕೆ ನುಸಿ ನಿಧಾನದ್ದು. ಮೈಯ ಎರಡೂ ಪಕ್ಕ ಕಪ್ಪು ಮಚ್ಚೆ, ತಲೆಯ ಹತ್ತಿರ ಕೆಂಪು ಕಣ್ಣಿನ ಚುಕ್ಕೆ. ಮೊಟ್ಟೆ ಪೂರ್ತಿ ಗುಂಡು. ಅದನ್ನು ತಿನ್ನುವ ಫೈಟೋಸೀಡೀ ಕುಟುಂಬದ ನುಸಿಗೆ ಕಣ್ಣೇ ಇಲ್ಲ. ಮೈ ಹೊಳೆಯುತ್ತದೆ, ಕಾಲು ಉದ್ದ, ಮುಂದಿನ ಜೊತೆ ಕಾಲನ್ನು ಎತ್ತಿ ತಡವುತ್ತಾ ಓಡುತ್ತದೆ. ಮೊಟ್ಟೆ ಉದ್ದುದ್ದ, ಸ್ವಲ್ಪ ದೊಡ್ಡದು. ನುಸಿ ತಿಂದ ಎಲೆಯಿಂದ ಹೊರಡುವ ವಾಸನೆ ಹಿಡಿದು ಇದು ಬೇಟೆ ಹುಡುಕುತ್ತದೆ. ನೆದರ್ಲೆಂಡ್ಸಿನಲ್ಲಿ ಸಬೆಲಿಸ್, ಡಿಕೆ ಮುಂತಾದವರು 1980ರ ದಶಕದಲ್ಲಿ ಇದನ್ನು ಬೀನ್ಸ್ ಜಾತಿಯ ಗಿಡಗಳ ಮೇಲೆ ತೋರಿಸಿಕೊಟ್ಟರು. ಗಿಡವೇ ಕೂಗಿ ಕರೆಯುತ್ತದೆ ಅಂತ ಪತ್ರಿಕೆಗಳು ಬರೆಯುವುದು ಇದನ್ನೇ. ನನಗೆ ಆ ಮಾತು ಸ್ವಲ್ಪ ಜಾಸ್ತಿ ಆಯ್ತು ಅನಿಸುತ್ತದೆ, ಇರಲಿ.

ಬಣ್ಣವನ್ನು ಮಾತ್ರ ನಂಬಬೇಡಿ. ಹೊಟ್ಟೆಗೆ ಏನು ಹೋಗಿದೆಯೋ ಆ ಬಣ್ಣ ಹೊರಗೆ ಕಾಣುತ್ತದೆ. ಬೆಳಿಗ್ಗೆ ಹುಲ್ಲಿನ ಬಣ್ಣಕ್ಕಿದ್ದದ್ದು ಕೆಂಪು ನುಸಿ ಹೀರಿದ ಮೇಲೆ ಕೆಂಪಗೆ ಕಾಣುತ್ತದೆ. ಅನಿಸ್ಟಿಡೀ ಕುಟುಂಬದ ನುಸಿಗಳಂತೂ ಹುಟ್ಟಾ ಕೆಂಪು. ಗಿರಗಿರ ಸುತ್ತುತ್ತಾ ಎಲೆ ತುಂಬ ಓಡಾಡುತ್ತವೆ. ಕೆಂಪಗಿದೆ ಅನ್ನುವ ಒಂದೇ ತಪ್ಪಿಗೆ ಎಷ್ಟೋ ತೋಟಗಳಲ್ಲಿ ಅವಕ್ಕೂ ಔಷಧಿ ಬೀಳುತ್ತದೆ. ಅವು ಹಸಿದ ಬೇಟೆಗಾರರು, ಎಲೆಗೆ ಬಾಯಿ ಹಾಕುವವಲ್ಲ. ಸ್ಟಿಗ್ಮೇಯಿಡೀ ಕುಟುಂಬದ ಅಜಿಸ್ಟೆಮಸ್ ಇನ್ನೊಂದು ಥರ. ಹಳದಿ ಇಲ್ಲವೇ ಕಿತ್ತಳೆ ಬಣ್ಣ, ದುಂಡು ಮೈ, ನಡಿಗೆ ನಿಧಾನ. ಓಡುವುದೆಲ್ಲ ಮಿತ್ರ, ಕೂತದ್ದೆಲ್ಲ ಶತ್ರು ಅನ್ನುವ ಲೆಕ್ಕ ಇದರ ಮುಂದೆ ಬಿದ್ದುಹೋಗುತ್ತದೆ. ಇದು ಕೂತು ಕೂತೇ ಪೀಡೆ ನುಸಿಯ ಮೊಟ್ಟೆ ಹೀರುತ್ತಿರುತ್ತದೆ.

ಕುಟುಂಬ ಗೊತ್ತಾಗುವುದು ಇಷ್ಟರಲ್ಲಿ. ಜಾತಿ ಬೇಕೆಂದರೆ ಸ್ಲೈಡ್ ಮಾಡಲೇಬೇಕು.

ಎಲೆಯಿಂದ ತೆಳು ಕುಂಚದ ತುದಿಯಲ್ಲಿ ನುಸಿಯನ್ನು ಎತ್ತಿ 70 ಶೇಕಡಾ ಆಲ್ಕೋಹಾಲಿಗೆ ಹಾಕುತ್ತೇನೆ. ಆಮೇಲೆ ಲ್ಯಾಕ್ಟಿಕ್ ಆಮ್ಲದಲ್ಲಿ ಬೆಚ್ಚಗಿಟ್ಟರೆ ಹೊಟ್ಟೆಯೊಳಗಿನದ್ದು ಕರಗಿ ಮೈ ತಿಳಿಯಾಗುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ನುಸಿಯೇ ಕಾಣುವುದಿಲ್ಲ. ಕಡಿಮೆಯಾದರೆ ಹೊಟ್ಟೆ ಕಪ್ಪಗೇ ಉಳಿದು ನೋಡಬೇಕಾದದ್ದನ್ನೆಲ್ಲ ಮುಚ್ಚುತ್ತದೆ. ಆಮೇಲೆ ನುಸಿಯನ್ನು ಗಾಜಿನ ಮೇಲೆ ಕೂರಿಸುವ ಹೋಯರ್ ದ್ರಾವಣ. 50 ಮಿಲಿ ಭಟ್ಟಿ ನೀರಿಗೆ 30 ಗ್ರಾಂ ಅರೇಬಿಕ್ ಗೋಂದು, 200 ಗ್ರಾಂ ಕ್ಲೋರಲ್ ಹೈಡ್ರೇಟ್, 20 ಮಿಲಿ ಗ್ಲಿಸರಿನ್. ಇದೇ ಅನುಕ್ರಮದಲ್ಲಿ ಬೆರೆಸಬೇಕು, ಬಿಸಿ ಮಾಡಬಾರದು. ಇದರ ಒಂದು ಹನಿಯಲ್ಲಿ ನುಸಿಯನ್ನು ಬೆನ್ನು ಮೇಲೆ ಬರುವಂತೆ ಮಲಗಿಸಿ, ಕಾಲು ಹರಡಿ, ಕವರ್ ಸ್ಲಿಪ್ ಇಳಿಸಬೇಕು. ಅರ್ಧ ಮಿಲಿಮೀಟರನ್ನೂ ಮುಟ್ಟದ ಪ್ರಾಣಿಯ ಎಂಟು ಕಾಲನ್ನೂ ಬಿಡಿಸಿಡುವುದಕ್ಕೆ ಕೈ ನಡುಗಬಾರದು. ಹಾಗಾಗಿ ನಾನು ಸ್ಲೈಡ್ ಮಾಡುವ ದಿನ ಕಾಫಿ ಕುಡಿಯುವುದು ಮಧ್ಯಾಹ್ನದ ಮೇಲೇ. 45 ಡಿಗ್ರಿ ಸುಮಾರಿನ ಓವನ್ನಿನಲ್ಲಿ ಕೆಲವು ದಿನ ಒಣಗಿಸಿ, ಅಂಚಿಗೆ ನೇಲ್ ಪಾಲಿಶ್ ಬಳಿದರೆ ಸ್ಲೈಡ್ ಸಿದ್ಧ. ಲ್ಯಾಬಿನ ಬಿಲ್ಲಿನಲ್ಲಿ ನೇಲ್ ಪಾಲಿಶ್ ಯಾಕೆ ಅಂತ ಲೆಕ್ಕಪತ್ರದವರು ಪ್ರತಿ ವರ್ಷ ಕೇಳುತ್ತಾರೆ.

ಅದೂ ಎಲ್ಲ ನುಸಿಯೂ ಆಗುವುದಿಲ್ಲ. ಬೆಳೆದ ಹೆಣ್ಣೇ ಬೇಕು. ಆರು ಕಾಲಿನ ಮರಿ, ಆಮೇಲಿನ ಎರಡು ಹಂತಗಳು, ಚಿಕ್ಕ ಗಂಡು, ಇವುಗಳಲ್ಲಿ ಲಕ್ಷಣ ಸಾಲುವುದಿಲ್ಲ. ಗಂಡು ಒಂದೇ ಸಿಕ್ಕರೆ ನಾನು ಚೀಟಿಯಲ್ಲಿ ಕುಲದ ಹೆಸರು ಬರೆದು ಅಲ್ಲಿಗೇ ನಿಲ್ಲಿಸುತ್ತೇನೆ.

ಈಗ ಕೂದಲಿಗೆ ಬರೋಣ. ಬೆನ್ನ ಮೇಲೆ ಒಂದೇ ಗಟ್ಟಿ ಕವಚ. ಅದರ ಮೇಲೆ ಎಡಬಲಕ್ಕೆ ಸರಿಸಮನಾಗಿ ಜೋಡಿ ಜೋಡಿ ಕೂದಲು. ಪ್ರತಿಯೊಂದಕ್ಕೂ ವಿಳಾಸವಿದೆ. ನಡುವಿನ ಸಾಲು ಜೆ, ಅದರ ಪಕ್ಕದ್ದು ಜೆಡ್, ಆಚೆಯದ್ದು ಎಸ್, ಅಂಚಿನದ್ದು ಆರ್. ಬೆನ್ನಿನ ಮುಂದಿನ ಅರ್ಧದ್ದಕ್ಕೆ ಇಂಗ್ಲಿಷಿನ ಸಣ್ಣಕ್ಷರ, ಹಿಂದಿನ ಅರ್ಧದ್ದಕ್ಕೆ ದೊಡ್ಡಕ್ಷರ. ಸಣ್ಣ ಜೆಡ್ 2, ದೊಡ್ಡ ಜೆಡ್ 5 ಅಂತ ನಾವು ಮಾತಾಡಿಕೊಳ್ಳುವುದನ್ನು ಕೇಳಿದ ಹೊಸಬರು ಬಸ್ ನಂಬರ್ ಅಂದುಕೊಳ್ಳುತ್ತಾರೆ. ಬೆನ್ನಿನ ಮುಂಭಾಗದ ಪಕ್ಕದಲ್ಲಿ ನಾಲ್ಕೇ ಜೋಡಿ ಇದ್ದರೆ ಅದು ಅಂಬ್ಲಿಸೀನೀ ಉಪಕುಟುಂಬ. ಐದೋ ಆರೋ ಇದ್ದರೆ ಟಿಫ್ಲೋಡ್ರೋಮಿನೀ ಇಲ್ಲವೇ ಫೈಟೋಸೀನೀ. ಜಗತ್ತಿನಲ್ಲಿ ಈ ಕುಟುಂಬದ 2400ಕ್ಕೂ ಹೆಚ್ಚು ಜಾತಿಗಳಿಗೆ ಹೆಸರಿಟ್ಟಿದ್ದಾರೆ. ಅಷ್ಟೂ ಈ ಮೂರರೊಳಗೇ ಬರಬೇಕು.

ಕೂದಲಿನ ಸಂಖ್ಯೆ ಮುಗಿದರೆ ಉದ್ದ. ಆಮೇಲೆ ನಾಲ್ಕನೇ ಕಾಲಿನ ಮೇಲೆ ಎದ್ದು ಕಾಣುವ ದಪ್ಪ ಕೂದಲು ಎಷ್ಟು, ಅವುಗಳ ತುದಿ ಚೂಪೋ ಮೊಂಡೋ. ಹೊಟ್ಟೆ ಕಡೆ ಗುದದ ಸುತ್ತಲಿನ ಕವಚದ ಆಕಾರ. ಬಾಯಿಯ ಇಕ್ಕಳದಲ್ಲಿ ಹಲ್ಲು ಎಷ್ಟು. ಕೊನೆಗೆ ಹೆಣ್ಣಿನ ವೀರ್ಯಚೀಲ. ನೂರು ಪಟ್ಟು ಮಸೂರಕ್ಕೆ ಎಣ್ಣೆ ಹಾಕಿ, ಫೋಕಸ್ ಮೇಲೆ ಕೆಳಗೆ ಮಾಡುತ್ತಾ ಹುಡುಕಬೇಕು. ಕೆಲವು ಜಾತಿಯಲ್ಲಿ ಅದು ಬಟ್ಟಲಿನ ಆಕಾರ, ಕೆಲವದರಲ್ಲಿ ಉದ್ದ ಕೊಳವೆ. ಒಂದೇ ಥರ ಕಾಣುವ ಎರಡು ಜಾತಿಗಳನ್ನು ಎಷ್ಟೋ ಸಲ ಇದೊಂದೇ ಬೇರೆ ಮಾಡುತ್ತದೆ. ನನಗೆ ತುಂಬಾ ಇಷ್ಟದ ಅಂಗ ಅಂದರೆ ನಗಬೇಡಿ.

ಗುಲಾಬಿ ಎಲೆಯಲ್ಲಿ ನನಗೆ ಹೆಚ್ಚಾಗಿ ಸಿಗುವುದು ನಿಯೋಸಿಯುಲಸ್ ಲಾಂಜಿಸ್ಪೈನೋಸಸ್. 1952ರಲ್ಲಿ ಇವಾನ್ಸ್ ವಿವರಿಸಿದ ಜಾತಿ. ಮೊದಲು ಟಿಫ್ಲೋಡ್ರೋಮಸ್ ಆಗಿತ್ತು, ಆಮೇಲೆ ಅಂಬ್ಲಿಸಿಯಸ್ ಆಯ್ತು, ಈಗ ನಿಯೋಸಿಯುಲಸ್. ಹಳೆಯ ಕರಪತ್ರದಲ್ಲಿ ಒಂದು ಹೆಸರು, ಹೊಸದರಲ್ಲಿ ಇನ್ನೊಂದು ಇದ್ದರೆ ಪ್ರಾಣಿ ಒಂದೇ ಅಂತ ತಿಳಿದುಕೊಳ್ಳಿ. ಇದರ ಬೆನ್ನಿನ ಕೂದಲು ಉದ್ದುದ್ದ. ಸುಮ್ನೆ ಅಲಂಕಾರಕ್ಕಲ್ಲ. ಬಲೆಯೊಳಗೆ ನುಗ್ಗುವಾಗ ಈ ಕೂದಲು ಎಳೆಗಳನ್ನು ಮೈಯಿಂದ ದೂರ ಇಡುತ್ತದೆ. ಬೇಟೆಯ ಬಲೆಯಲ್ಲಿ ಸಲೀಸಾಗಿ ಓಡಾಡುವ ಜಾತಿಗಳಿಗೂ ಬೆನ್ನಿನ ಉದ್ದ ಕೂದಲಿಗೂ ಸಂಬಂಧ ಇದೆ ಅಂತ ಸಬೆಲಿಸ್ ಮತ್ತು ಬಾಕರ್ 1992ರಲ್ಲಿ ಬರೆದರು. ಕೂದಲು ಎಣಿಸುವಾಗ ಬೇಸರ ಬಂದರೆ ನಾನು ನೆನಪಿಸಿಕೊಳ್ಳುವುದು ಇದನ್ನು.

ಹೆಸರು ಸಿಕ್ಕ ಮೇಲೆ ಊಟದ ಪಟ್ಟಿ ಸಿಗುತ್ತದೆ. ಕ್ಯಾಲಿಫೋರ್ನಿಯಾದ ಮ್ಯಾಕ್‌ಮರ್ಟ್ರಿ ಮತ್ತು ಆರೆಗಾನಿನ ಕ್ರಾಫ್ಟ್ 1997ರಲ್ಲಿ ಈ ಕುಟುಂಬವನ್ನು ತಿನ್ನುವ ರೀತಿಯ ಮೇಲೆ ನಾಲ್ಕು ಗುಂಪು ಮಾಡಿದರು. ಮೊದಲನೆಯದು ಬಲೆ ನೇಯುವ ನುಸಿ ಬಿಟ್ಟರೆ ಬೇರೇನೂ ಬೇಡ ಅನ್ನುವ ಫೈಟೋಸಿಯುಲಸ್ ಥರದ್ದು. ಬೇಟೆ ಮುಗಿದರೆ ಹಸಿವಿನಿಂದ ಸಾಯುತ್ತದೆ ಇಲ್ಲವೇ ಜಾಗ ಬಿಡುತ್ತದೆ. ಲಾಂಜಿಸ್ಪೈನೋಸಸ್ ಎರಡನೆಯ ಗುಂಪು, ಬಲೆ ನುಸಿಯೇ ಮುಖ್ಯ, ಬೇರೆಯೂ ನಡೆಯುತ್ತದೆ. ಮೂರನೆಯವು ಸಿಕ್ಕಿದ್ದು ತಿನ್ನುವವು. ನಾಲ್ಕನೆಯದು ಯೂಸಿಯಸ್ ಕುಲ. ಇದಕ್ಕೆ ಹೂವಿನ ಪರಾಗ ಇದ್ದರೆ ಸಾಕು, ಔಡಲದ ಪರಾಗ ಹಾಕಿ ಲ್ಯಾಬಿನಲ್ಲಿ ಸಾಕುತ್ತಾರೆ. 2013ರಲ್ಲಿ ಈ ಪಟ್ಟಿಯನ್ನು ಇನ್ನಷ್ಟು ಒಡೆದರು, ಚೌಕಟ್ಟು ಅದೇ ಉಳಿಯಿತು.

ಹಾಗಾಗಿ ಗುಲಾಬಿಯವರ ಎಲೆಯಲ್ಲಿ ಯೂಸಿಯಸ್ ಸಿಕ್ಕರೆ ನಾನು ಔಷಧಿ ಬೇಡ ಅನ್ನಲಾರೆ. ಅದು ದಟ್ಟ ಬಲೆಯೊಳಗೆ ಹೋಗುವುದೇ ಇಲ್ಲ. ಲಾಂಜಿಸ್ಪೈನೋಸಸ್ ಸಿಕ್ಕಿ, ಎಲೆ ಎಲೆಗೂ ಕಾಣುತ್ತಿದ್ದರೆ ಸ್ವಲ್ಪ ಕಾಯಿರಿ ಅನ್ನುತ್ತೇನೆ. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕವನ್ನಂತೂ ಮುಟ್ಟಬೇಡಿ ಅಂತಲೂ ಹೇಳುತ್ತೇನೆ. ಅದು ಪರಭಕ್ಷಕಗಳನ್ನು ಮುಗಿಸಿ, ಪೀಡೆ ನುಸಿ ಮತ್ತೆ ಏರುವಂತೆ ಮಾಡುತ್ತದೆ. ಯೂಸಿಯಸ್, ಲಾಂಜಿಸ್ಪೈನೋಸಸ್ ಎರಡೂ "ಪರಭಕ್ಷಕ ನುಸಿ"ಯೇ. ಎರಡಕ್ಕೂ ಒಂದೇ ಸಲಹೆ ಬರೆದುಕೊಟ್ಟು ಕಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಂಗಡಿಯಲ್ಲಿ ಪರಭಕ್ಷಕ ನುಸಿ ತುಂಬಿದ ಬಾಟಲಿ ಮಾರುವವರೂ ಅಷ್ಟೇ. ಹೊಟ್ಟಿನ ಜೊತೆ ಬರುವ ಬಾಟಲಿ ಅಥವಾ ಪೊಟ್ಟಣದಲ್ಲಿ ಎರಡು ಥರ ನುಸಿ ಇರುವುದುಂಟು. ಬೆಳ್ಳಗೆ, ದಪ್ಪಗೆ, ನಿಧಾನ ನಡೆಯುವವು ಪರಭಕ್ಷಕಕ್ಕೆ ಅಂತ ಹಾಕಿದ ಬುತ್ತಿ. ಅವನ್ನೇ ಎಣಿಸಿ "ಸಾವಿರಾರು ಇವೆ" ಅಂತ ಖುಷಿಪಟ್ಟವರನ್ನು ನೋಡಿದ್ದೇನೆ.

ನಮ್ಮೂರು ತೀರ್ಥಹಳ್ಳಿ ಹತ್ತಿರ, ಅಡಿಕೆ ತೋಟ. ಬೇಸಿಗೆಯಲ್ಲಿ ಅಪ್ಪಯ್ಯನ ಫೋನು: "ಮಾರಾಯ್ತಿ, ಸಸಿ ಎಲೆ ಅಡಿ ಕೆಂಪು ಕೆಂಪು ಎಂತದೋ ಉಂಟು, ಫೋಟೋ ಹಾಕಿದ್ದೆ ನೋಡು." ಆ ಫೋಟೋದಲ್ಲಿ ಎಲೆ ಇರುತ್ತದೆ, ಅವರ ಹೆಬ್ಬೆರಳು ಇರುತ್ತದೆ. ಅಡಿಕೆಯ ಕೆಂಪು ನುಸಿ ರೇವಿಯೆಲ್ಲಾ ಇಂಡಿಕಾ. 1924ರಲ್ಲಿ ಕೊಯಮತ್ತೂರಿನ ತೆಂಗಿನ ಎಲೆಯಿಂದ ಹರ್ಸ್ಟ್ ವಿವರಿಸಿದ್ದು. ಇದನ್ನು ತಿನ್ನುವವರಲ್ಲಿ ಮುಖ್ಯವಾದದ್ದು ಅಂಬ್ಲಿಸಿಯಸ್ ಲಾರ್ಗೋಯೆನ್ಸಿಸ್, 1955ರಲ್ಲಿ ಮೂಮಾ ಫ್ಲಾರಿಡಾದ ಕೀ ಲಾರ್ಗೋ ದ್ವೀಪದ ಹೆಸರಲ್ಲಿ ಗುರುತಿಸಿದ ಜಾತಿ. ತಮಾಷೆ ನೋಡಿ, ನಮ್ಮ ಕೆಂಪು ನುಸಿ 2004ರ ಹೊತ್ತಿಗೆ ಕೆರಿಬಿಯನ್ ದ್ವೀಪಗಳಲ್ಲಿ ಕಾಣಿಸಿಕೊಂಡು 2007ರಲ್ಲಿ ಅದೇ ಫ್ಲಾರಿಡಾಕ್ಕೆ ಹೋಯಿತು. ಅಲ್ಲಿ ಅದನ್ನು ತಿನ್ನಲು ಶುರುಮಾಡಿದ್ದೂ ಈ ಲಾರ್ಗೋಯೆನ್ಸಿಸ್ಸೇ. ಅಡಿಕೆಯಲ್ಲಿ ಇನ್ನೊಂದು ಪರಭಕ್ಷಕ ಇದೆ, ಅಂಬ್ಲಿಸಿಯಸ್ ಚನ್ನಬಸವಣ್ಣಿ. ಗುಪ್ತಾ ಮತ್ತು ಡೇನಿಯಲ್ ಹೆಸರಿಟ್ಟದ್ದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ನುಸಿಗಳ ಅಧ್ಯಯನಕ್ಕೆ ತಳಹದಿ ಹಾಕಿದ ಜಿ. ಪಿ. ಚನ್ನಬಸವಣ್ಣ ಅವರ ಹೆಸರು ಅದರಲ್ಲಿದೆ. ಅಪ್ಪಯ್ಯನಿಗೆ ಇದನ್ನು ಹೇಳಿದಾಗ "ಓಹೋ, ಹೆಸರಿಟ್ಟ ಮೇಲೆ ಔಷಧಿ ಹೊಡೆಯೋಕಾಗಲ್ಲ ಬಿಡು" ಅಂದರು.

ತೆಂಗಿನ ನುಸಿಯ ವಿಷಯ ಬೇರೆ. 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಗೊತ್ತಾಗಿ ನಮ್ಮ ಕಡೆಗೂ ಹಬ್ಬಿದ ಅಸೇರಿಯಾ ಗುರೆರೋನಿಸ್, ಎರಡೇ ಜೊತೆ ಕಾಲಿನ ಹುಳುವಿನಾಕಾರದ ನುಸಿ. ಕಾಯಿಗೆ ಒತ್ತಿ ಕೂತ ತೊಟ್ಟಿನ ಎಸಳುಗಳ ಅಡಿ ಸೇರಿಕೊಳ್ಳುತ್ತದೆ, ಸಿಂಪಡಿಸಿದ್ದು ಅಲ್ಲಿಗೆ ತಲುಪುವುದೇ ಕಷ್ಟ. ಅಲ್ಲಿ ಸಿಗುವ ನಿಯೋಸಿಯುಲಸ್ ಬರಾಕಿಯನ್ನು ಮೊದಲ ಸಲ ಸ್ಲೈಡಿನಲ್ಲಿ ನೋಡಿದಾಗಲೇ ಗೊತ್ತಾಗಿಬಿಡುತ್ತದೆ. ಮೈ ಚಪ್ಪಟೆ, ಉದ್ದ, ಬೆನ್ನಿನ ಕೂದಲು ಗಿಡ್ಡ. ಆ ಸಂದಿಗೆ ಲಾಂಜಿಸ್ಪೈನೋಸಸ್ ನುಗ್ಗಲಾರದು, ಗುಲಾಬಿಯ ಬಲೆಯಲ್ಲಿ ಬರಾಕಿಗೆ ಕೆಲಸವಿಲ್ಲ.

ಇನ್ನು ಎಲೆ ಕಳಿಸುವವರಿಗೆ ಎರಡು ಮಾತು. ಎಲೆಯನ್ನು ಕಾಗದದ ಕವರಿನಲ್ಲಿಟ್ಟು, ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಿಸಿಲು ತಾಗದಂತೆ ತನ್ನಿ. ನೇರ ಪ್ಲಾಸ್ಟಿಕ್ಕಿಗೆ ಹಾಕಿದರೆ ನೀರು ಬಿಟ್ಟು ನುಸಿ ಮುಳುಗುತ್ತದೆ. ಬರೀ ಮೇಲಿನ ಚಿಗುರು ಬೇಡ, ನಡುವಿನ ಎಲೆಯೂ ಇರಲಿ. ಅರೇಬಿಕಾ ಕಾಫಿಯವರು ಎಲೆಯ ಅಡಿಯಲ್ಲಿ ನಡುನರಕ್ಕೆ ಪಕ್ಕದ ನರ ಸೇರುವ ಮೂಲೆಯ ಸಣ್ಣ ಗುಳಿಗಳನ್ನು ಉಜ್ಜಬೇಡಿ, ಪರಭಕ್ಷಕ ನುಸಿಗಳು ಅಡಗುವುದು ಅಲ್ಲೇ. ಬೆಳೆ, ಊರು, ತಾರೀಕು ಪೆನ್ಸಿಲಿನಲ್ಲಿ ಬರೆಯಿರಿ, ಆಲ್ಕೋಹಾಲ್ ತಾಗಿದರೆ ಪೆನ್ನಿನ ಶಾಯಿ ಹೋಗುತ್ತದೆ. ಔಷಧಿ ಹೊಡೆದಿದ್ದರೆ ಯಾವುದು, ಯಾವತ್ತು ಅಂತಲೂ ಬರೆಯಿರಿ. ಮುಚ್ಚಿಟ್ಟರೆ ನನಗೇನೂ ನಷ್ಟವಿಲ್ಲ, ಖಾಲಿ ಎಲೆ ನೋಡಿ "ಪರಭಕ್ಷಕ ಇಲ್ಲ" ಅಂತ ಬರೆದುಕೊಡುತ್ತೇನೆ ಅಷ್ಟೇ.