ಹೇಗ್ ಊರಿನಲ್ಲಿ ಸ ಪ ಸ ಪ

ನೆದರ್ಲೆಂಡ್ಸ್‌ನ ಸ್ಕಿಪೋಲ್ ವಿಮಾನ ನಿಲ್ದಾಣದಿಂದ ಹೇಗ್ ಊರಿಗೆ ರೈಲಿನಲ್ಲಿ ಅರ್ಧ ಗಂಟೆ ಚಿಲ್ಲರೆ. ಕಿಟಕಿಯಾಚೆ ಚಪ್ಪಟೆ ಹಸಿರು, ಕಾಲುವೆ, ಮತ್ತೆ ಹಸಿರು. ಎದುರಿಗೆ ತಂಗಿಯ ಮಗಳು, ಅವಳ ಮಡಿಲಲ್ಲಿ ಪಿಟೀಲಿನ ಪೆಟ್ಟಿಗೆ. ಆ ಪೆಟ್ಟಿಗೆಯ ದೆಸೆಯಿಂದಲೇ ನಾನು ಮೈಸೂರಿನಿಂದ ಇಲ್ಲಿಯ ತನಕ ಬಂದದ್ದು.

ನಾನು ಮಕ್ಕಳಿಗೆ ಕರ್ನಾಟಕ ಸಂಗೀತದ ಪಿಟೀಲು ಹೇಳಿಕೊಡುವವಳು. ಇವಳು ಹುಟ್ಟಿ ಬೆಳೆದದ್ದು ಇಲ್ಲೇ, ಕಲಿತದ್ದು ಪಾಶ್ಚಾತ್ಯ ಪಿಟೀಲು. ಇನ್ನೇನು ಆರ್ಕೆಸ್ಟ್ರಾ ಸೇರುತ್ತಾಳೆ ಅಂತ ಎಲ್ಲರೂ ಅಂದುಕೊಂಡಿದ್ದಾಗ ಬರೋಕ್ ಕಡೆ ತಿರುಗಿದಳು. ಬರೋಕ್ ಅಂದರೆ ಸುಮಾರು 1600ರಿಂದ 1750ರವರೆಗಿನ ಸಂಗೀತ, ಆ ಕಾಲದ ವಾದ್ಯದಲ್ಲಿ, ಆ ಕಾಲದ ರೀತಿಯಲ್ಲೇ ನುಡಿಸುವುದು. ತಂಗಿಗೆ ದಿಗಿಲು. "ನೀನೇ ಒಂದ್ಸಲ ಬಂದು ನೋಡಕ್ಕ" ಅಂದಳು.

ಮರುದಿನ ಇಬ್ಬರೂ ಸಿಟಿ ಮಧ್ಯದ ಅಮಾರೆ ಕಟ್ಟಡಕ್ಕೆ ಹೋದೆವು. 1826ರಲ್ಲಿ ಶುರುವಾದ ರಾಯಲ್ ಕನ್ಸರ್ವೇಟರಿ, ಅವಳು ಕಲಿಯುವ ಸಂಗೀತ ಶಾಲೆ, 2021ರಿಂದ ಇಲ್ಲಿದೆ. ಕಟ್ಟಡ ಹೊಚ್ಚ ಹೊಸದು, ನಮ್ಮ ಹುಡುಗಿ ಹುಡುಕಿಕೊಂಡು ಬಂದದ್ದು ಮಾತ್ರ ಹಳೆಯದನ್ನು. ಬೆಲ್ಜಿಯಂನ ಪಿಟೀಲುವಾದಕ ಸಿಗಿಸ್ವಾಲ್ಡ್ ಕೌಕೆನ್ ಕಲಿಸಿದ್ದು ಈ ಶಾಲೆಯಲ್ಲೇ. 1969ರಲ್ಲಿ, ಇಪ್ಪತ್ತೈದರ ವಯಸ್ಸಿನಲ್ಲಿ, ಗದ್ದದಿಂದ ಪಿಟೀಲು ಅದುಮಿ ಹಿಡಿಯುವುದನ್ನೇ ಬಿಟ್ಟರು. ಗದ್ದದಿಂದ ಅದುಮದೆ ನುಡಿಸುವುದೇ ಹಳೆಯ ಕ್ರಮ. 1971ರಿಂದ 1996ರವರೆಗೆ ಇಲ್ಲಿ ಬರೋಕ್ ಪಿಟೀಲು ಹೇಳಿಕೊಟ್ಟರು. ಕೈಗೆ ಬಂದ ವಿದ್ಯೆಯನ್ನು ಬದಿಗಿಟ್ಟು ಮತ್ತೆ ಮೊದಲಿನಿಂದ ಶುರು ಮಾಡುವುದಕ್ಕೆ ಎಂಥ ಧೈರ್ಯ ಬೇಕು!

ಅವಳ ವಾದ್ಯವನ್ನು ಕೈಗೆತ್ತಿಕೊಂಡು ನೋಡಿದೆ. ಗದ್ದದ ಪಟ್ಟಿ ಇಲ್ಲ. ಉಕ್ಕಿನ ತಂತಿಯ ಬದಲು ಕುರಿಯ ಕರುಳಿನ ತಂತಿ. ಕಮಾನು ಗಿಡ್ಡ, ಹೊರಕ್ಕೆ ಬಾಗಿದೆ, ತುದಿ ಹಗುರ. ಶ್ರುತಿ ಈಗಿನದಕ್ಕಿಂತ ಅರ್ಧ ಸ್ವರ ಕೆಳಗೆ. ಮಳೆ ಬಂದರೆ ಸಾಕು, ತಂತಿ ಶ್ರುತಿ ತಪ್ಪುತ್ತದೆ. ಈ ಊರಲ್ಲಿ ಮಳೆಗೇನು ಬರ!

ಶನಿವಾರ ಅವಳ ಕೋಣೆಗೆ ಒಂಬತ್ತು ವರ್ಷದ ಹುಡುಗಿಯೊಬ್ಬಳು ಪಾಠಕ್ಕೆ ಬಂದಳು. ಪಿಟೀಲು ಭುಜದ ಮೇಲೆ ಸುಮ್ನೆ ಕೂತಿದೆ, ಗದ್ದ ತಾಗಿಲ್ಲ. ಎಡಗೈ ಮೇಲಿನ ಸ್ಥಾನಕ್ಕೆ ಹೋಗುವುದು ಸುಲಭ. ವಾಪಸು ಬರುವಾಗಲೇ ಕಷ್ಟ, ಕೈಯ ಜೊತೆ ವಾದ್ಯವೂ ಜಾರಿಕೊಂಡು ಬರುತ್ತದೆ. ನಮ್ಮವಳು ಮಗುವಿನ ಹೆಬ್ಬೆರಳು ಹಿಡಿದು ತೋರಿಸಿದಳು. ಮೊದಲು ಹೆಬ್ಬೆರಳು ಹಿಂದಕ್ಕೆ, ಆಮೇಲೆ ಉಳಿದ ಬೆರಳು, ಹುಳು ತೆವಳಿದ ಹಾಗೆ. ಏಳೆಂಟು ಸಲ ಅದನ್ನೇ. ಒಂದು ಸಲವೂ ಅವಳ ದನಿ ಏರಲಿಲ್ಲ. ತಂಗಿಗೆ ಏನು ಹೇಳಬೇಕು ಅಂತ ನನಗೆ ಅಲ್ಲೇ ಗೊತ್ತಾಯಿತು.

ಮಗು ಹೋದ ಮೇಲೆ "ದೊಡ್ಡಮ್ಮ, ಇದನ್ನ ನೋಡಿ" ಅಂತ ಬೀಬರ್‌ನ ಪುಸ್ತಕ ತೆಗೆದಳು. ಬೀಬರ್ ಸಾಲ್ಜ್‌ಬರ್ಗ್‌ನಲ್ಲಿದ್ದ ಪಿಟೀಲುವಾದಕ. 1676ರ ಸುಮಾರಿಗೆ ಜಪಮಾಲೆಯ ಪ್ರಸಂಗಗಳ ಮೇಲೆ, ಅಂದರೆ ಕ್ಯಾಥೊಲಿಕರು ಜಪಮಾಲೆ ಹಿಡಿದು ನೆನೆಯುವ ಏಸು ಮತ್ತು ಮೇರಿಯ ಬದುಕಿನ ಪ್ರಸಂಗಗಳ ಮೇಲೆ, 15 ಸೊನಾಟಾ (ವಾದ್ಯಕ್ಕೆಂದೇ ಬರೆದ ಕೃತಿ) ರಚಿಸಿದ. ಮೊದಲನೆಯದೊಂದನ್ನು ಬಿಟ್ಟರೆ ಉಳಿದ ಒಂದೊಂದಕ್ಕೂ ತಂತಿಗಳನ್ನು ಬೇರೆ ಬೇರೆ ಥರ ಶ್ರುತಿ ಮಾಡಬೇಕು. ಹನ್ನೊಂದನೆಯದು ಏಸು ಸಾವಿನಿಂದ ಎದ್ದು ಬಂದ ಪ್ರಸಂಗ. ಅದಕ್ಕೆ ನಡುವಿನ ಎರಡು ತಂತಿಗಳನ್ನು ಒಂದರ ಮೇಲೊಂದು ಅಡ್ಡ ಹಾಯಿಸುತ್ತಾರೆ, ಶಿಲುಬೆಯ ಹಾಗೆ. ಪಾಶ್ಚಾತ್ಯ ಸ್ವರಗಳ ಹೆಸರಲ್ಲಿ ಹೇಳಿದರೆ, ಶ್ರುತಿ ಜಿ, ಜಿ, ಡಿ, ಡಿ.

ನಾನು ಬೆರಳಲ್ಲಿ ಎಣಿಸಿದೆ. ಮಂದ್ರದ ಜಿ, ಅದರ ಮೇಲೆ ಡಿ, ಮತ್ತೆ ಜಿ, ಮತ್ತೆ ಡಿ. ನಡುವಿನ ಜೋಡಿ ಅದಲುಬದಲು ಆಗಿದೆ ಅಷ್ಟೇ. ಉಳಿದಂತೆ ಇದು ನಮ್ಮ ಕರ್ನಾಟಕ ಪಿಟೀಲಿನ ನಾಲ್ಕು ತಂತಿಯ ಶ್ರುತಿ, ಸ ಪ ಸ ಪ ಅಲ್ವಾ!

ತಂತಿ ಅಡ್ಡ ಹಾಯಿಸುವ ಗೋಜಿಗೆ ಹೋಗಲಿಲ್ಲ. ಕೆಳಗಿನ ಜಿ, ಡಿ ತಂತಿಗಳನ್ನು ಹಾಗೇ ಬಿಟ್ಟು, ಮೇಲಿನ ಎ ತಂತಿಯನ್ನು ಜಿಗೆ, ಇ ತಂತಿಯನ್ನು ಡಿಗೆ ಇಳಿಸಿದಳು. ನಾನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಪಿಟೀಲಿನ ತಲೆಯನ್ನು ಬಲಗಾಲ ಹರಡಿನ ಮೇಲೆ ಇಟ್ಟುಕೊಂಡೆ. ಗದ್ದದ ಹಂಗು ನಮಗೂ ಇಲ್ಲ. ಮಾಯಾಮಾಳವಗೌಳ ರಾಗದ ಸರಳೆವರಸೆ, ಮಕ್ಕಳಿಗೆ ಹೇಳಿಕೊಡುವ ಮೊದಲ ಪಾಠ, ಹಿಡಿದೆ. ಕರುಳಿನ ತಂತಿ ಉಕ್ಕಿನ ಹಾಗೆ ಹೊಳೆಯುವುದಿಲ್ಲ, ಮಾತಾಡುತ್ತದೆ. ರಿಷಭ ಸ್ವಲ್ಪ ಗೊಗ್ಗರಾಗಿ, ಮನುಷ್ಯರ ಗಂಟಲಿನಿಂದ ಬಂದ ಹಾಗಿತ್ತು.

ಅವಳು ಬಂದು ಪಕ್ಕದಲ್ಲಿ ಕೂತಳು. "ಇನ್ನೊಂದ್ಸಲ, ನಿಧಾನಕ್ಕೆ" ಅಂದಳು.